ಉಪ್ಪಿನ ಚೀಸ್‌ಕೇಕ್ ಬಾಯಿಗೆ ಹಿಡಿಸಲಿಲ್ಲ: ತಪ್ಪು ಪಾಕದ್ದೋ, ನಾಲಿಗೆಯದ್ದೋ?

ಪ್ರಶ್ನೆ: ಸಿಹಿಯಿಲ್ಲದ, ಉಪ್ಪು ಹಾಕಿ ಮಾಡುವ ಚೀಸ್‌ಕೇಕಿನ ಪಾಕವಿಧಾನವೊಂದನ್ನು ಕಂಡು ಕುತೂಹಲದಿಂದ ಮನೆಯಲ್ಲಿ ಮಾಡಿದೆ. 500 ಗ್ರಾಂ ಕ್ರೀಮ್ ಚೀಸ್, 200 ಗ್ರಾಂ ನೀಲಿ ಬೂಷ್ಟಿನ ಚೀಸ್, ಮೊಟ್ಟೆ, ಬೆಳ್ಳುಳ್ಳಿ, ತಳಕ್ಕೆ ಬಿಸ್ಕತ್ತು ಮತ್ತು ಅಕ್ರೋಡಿನ ಪುಡಿ, ಮೇಲೆ ಕೊತ್ತಂಬರಿ ಸೊಪ್ಪು. ಅದರಲ್ಲಿ ಎರಡು ಟೀ ಚಮಚ ದಪ್ಪ ಹರಳಿನ ಉಪ್ಪು ಎಂದಿತ್ತು; ನನ್ನಲ್ಲಿ ಇದ್ದದ್ದು ಪುಡಿ ಉಪ್ಪು, ಅದನ್ನೇ ಎರಡು ಚಮಚ ಹಾಕಿದೆ. ರಾತ್ರಿ ಎಂಟಕ್ಕೆ ಓವನ್‌ನಿಂದ ತೆಗೆದು ಬಿಸಿಬಿಸಿಯಾಗಿಯೇ ತಿಂದೆವು. ಮೊದಲ ತುತ್ತಿಗೇ ನನಗೆ ವಾಂತಿಯ ವಾಸನೆ ಬಂದಂತಾಯಿತು. ಮಗ ಸೋಪು ತಿಂದ ಹಾಗಿದೆ ಎಂದು ಉಗಿದ. ಮಗಳು ಒತ್ತಾಯಕ್ಕೆ ಒಂದು ತುಂಡು ತಿಂದಳು. ಅದೇ ರಾತ್ರಿ ಅವಳಿಗೆ ಜ್ವರ ಬಂದು ವಾಂತಿಯಾಯಿತು, ಈಗ ಮಾಮೂಲಿ ಚೀಸನ್ನೂ ಮುಟ್ಟುತ್ತಿಲ್ಲ. ತಮಾಷೆಯೆಂದರೆ, ತಡವಾಗಿ ಮನೆಗೆ ಬಂದ ನನ್ನ ಪತಿ ಅದೇನೆಂದು ಕೇಳದೆ, ಆರಿದ್ದ ಕೇಕನ್ನು ಬ್ರೆಡ್ಡಿನ ಜೊತೆ ಎರಡು ತುಂಡು ತಿಂದು ಚೆನ್ನಾಗಿದೆ ಎಂದರು. ಉಳಿದರ್ಧ ಬೆಳಗಿನವರೆಗೆ ಮೇಜಿನ ಮೇಲೆಯೇ ಇತ್ತು, ಆಮೇಲೆ ಫ್ರಿಜ್‌ನಲ್ಲಿಟ್ಟಿದ್ದೇನೆ. ಅದನ್ನು ಸರಿಪಡಿಸಿ ತಿನ್ನಬಹುದೇ? ಹತ್ತು ಸಲ ತಿಂದರೆ ನಾಲಿಗೆಗೆ ಒಗ್ಗುತ್ತದೆ ಎಂದು ಗೆಳತಿ ಹೇಳುತ್ತಾಳೆ, ನಿಜವೇ? ನಾನು ತಪ್ಪಿದ್ದೆಲ್ಲಿ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗಿಂತ ಮೊದಲು ಫ್ರಿಜ್‌ನಲ್ಲಿರುವ ಆ ಅರ್ಧದ ಮಾತು. ದಯವಿಟ್ಟು ಅದನ್ನು ಎಸೆದುಬಿಡಿ. ಮೊಟ್ಟೆ ಮತ್ತು ಹಾಲಿನ ಪದಾರ್ಥಗಳಿಂದ ಮಾಡಿದ, ತೇವಾಂಶ ಹೆಚ್ಚಿರುವ ಇಂಥ ಅಡುಗೆಯನ್ನು ಬೇಯಿಸಿದ ಎರಡು ಗಂಟೆಯೊಳಗೆ ತಣ್ಣಗಿನ ಜಾಗಕ್ಕೆ ಸೇರಿಸಬೇಕು. ಇಡೀ ರಾತ್ರಿ ಹೊರಗಿದ್ದುದನ್ನು ಬೆಳಗ್ಗೆ ಫ್ರಿಜ್‌ನಲ್ಲಿಟ್ಟರೆ ಅಷ್ಟರಲ್ಲಿ ಬೆಳೆದಿರಬಹುದಾದ ಬ್ಯಾಕ್ಟೀರಿಯಾಗಳು ಅಲ್ಲಿಗೇ ನಿಧಾನವಾಗುತ್ತವೆಯೇ ಹೊರತು ಸಾಯುವುದಿಲ್ಲ. ಮತ್ತೆ ಬಿಸಿ ಮಾಡಿದರಾಯಿತು ಎಂಬ ನಂಬಿಕೆಯೂ ಇಲ್ಲಿ ಕೈಹಿಡಿಯುವುದಿಲ್ಲ, ಏಕೆಂದರೆ ಸ್ಟ್ಯಾಫಿಲೋಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳು ಆಹಾರದಲ್ಲಿ ಬಿಟ್ಟುಹೋಗುವ ವಿಷ ಮನೆಯ ಒಲೆಯ ಶಾಖಕ್ಕೆ ನಾಶವಾಗುವುದಿಲ್ಲ. ವಾಸನೆ ನೋಡಿ ನಿರ್ಧರಿಸುತ್ತೇನೆ ಎನ್ನಬೇಡಿ. ರೋಗ ತರುವ ಸೂಕ್ಷ್ಮಜೀವಿಗಳು ಬಹಳಷ್ಟು ಸಲ ಆಹಾರದ ವಾಸನೆಯನ್ನಾಗಲಿ ಬಣ್ಣವನ್ನಾಗಲಿ ಬದಲಿಸುವುದೇ ಇಲ್ಲ. ಇನ್ನು ಈ ಅಡುಗೆಯಂತೂ ತಾಜಾ ಇದ್ದಾಗಲೇ ನಿಮಗೆ ಹಳಸಿದಂತೆ ನಾರಿತ್ತು. ಮೂಗನ್ನು ಸಾಕ್ಷಿಗೆ ಕರೆಯುವಂತೆಯೇ ಇಲ್ಲ.

ಈಗ ನಿಮ್ಮ ನಿಜವಾದ ಚಿಂತೆಗೆ ಬರೋಣ. ಆಹಾರ ತಯಾರಕರಿಗಾಗಿ ರುಚಿ ಪರೀಕ್ಷೆಗಳನ್ನು ನಡೆಸುವ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಅಲ್ಲಿ ನಾವು ಮೊದಲು ಕಲಿಯುವ ಪಾಠವೆಂದರೆ "ಇಷ್ಟವಾಗಲಿಲ್ಲ" ಎಂಬ ಉತ್ತರವನ್ನು ಹಾಗೆಯೇ ಬರೆದುಕೊಳ್ಳಬಾರದು ಎಂಬುದು. ಆ ಒಂದು ಮಾತಿನೊಳಗೆ ಅಳತೆಯ ತಪ್ಪು, ತಿಂದವರ ಮೂಗಿನ ಹುಟ್ಟುಗುಣ, ಅಡುಗೆಯ ಹೆಸರು ಹುಟ್ಟಿಸಿದ ನಿರೀಕ್ಷೆ, ಅಂದಿನ ಮೈಯ ಸ್ಥಿತಿ ಎಲ್ಲವೂ ಒಟ್ಟಿಗೆ ಅಡಗಿರುತ್ತವೆ, ಮತ್ತು ಒಂದಕ್ಕಿರುವ ಪರಿಹಾರ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ. ನಿಮ್ಮ ಮನೆಯಲ್ಲಿ ನಾಲ್ವರು ಒಂದೇ ಕೇಕು ತಿಂದು ನಾಲ್ಕು ಬೇರೆ ಬೇರೆ ಮಾತು ಹೇಳಿದ್ದೀರಿ. ನಾಲ್ಕೂ ನಿಜವೆಂದೇ ನಾನು ತೆಗೆದುಕೊಳ್ಳುತ್ತೇನೆ.

ಅಳತೆಯ ತಪ್ಪು ಒಂದು ಖಂಡಿತ ಇದೆ, ಅದು ಉಪ್ಪಿನದು. ಚಮಚ ಅಳೆಯುವುದು ಜಾಗವನ್ನು, ತೂಕವನ್ನಲ್ಲ. 5 ಮಿಲಿಲೀಟರಿನ ಟೀ ಚಮಚದಲ್ಲಿ ಪುಡಿ ಉಪ್ಪು ಸುಮಾರು 6 ಗ್ರಾಂ ಹಿಡಿಯುತ್ತದೆ. ಚಕ್ಕೆಯಂತಿರುವ ಹಗುರವಾದ ಹರಳುಪ್ಪು, ನಡುವೆ ಗಾಳಿ ತುಂಬಿಕೊಂಡಿರುವುದರಿಂದ, ಅದರ ಅರ್ಧದಷ್ಟೇ ಹಿಡಿಯುವುದುಂಟು. ಹಾಗಾಗಿ ಪಾಕವಿಧಾನ ಬರೆದವರ ಮನಸ್ಸಿನಲ್ಲಿ 6 ಗ್ರಾಮಿನಷ್ಟು ಇದ್ದದ್ದು ನಿಮ್ಮ ಪಾತ್ರೆಯಲ್ಲಿ 12 ಗ್ರಾಂ ಆಗಿರಬಹುದು. ಅದರ ಮೇಲೆ ಚೀಸ್ ತರುವ ಉಪ್ಪನ್ನು ಕೂಡಿಸಿ. ನೀಲಿ ಚೀಸ್‌ನಲ್ಲಿ 100 ಗ್ರಾಮಿಗೆ ಸಾಮಾನ್ಯವಾಗಿ 3ರಿಂದ 4 ಗ್ರಾಂ ಉಪ್ಪಿರುತ್ತದೆ, ಎಂದರೆ ನಿಮ್ಮ 200 ಗ್ರಾಮಿನಿಂದ 6ರಿಂದ 8 ಗ್ರಾಂ. ಕ್ರೀಮ್ ಚೀಸ್‌ನಿಂದ ಇನ್ನೊಂದು ನಾಲ್ಕು ಗ್ರಾಂ. ಒಟ್ಟು 22ರಿಂದ 24 ಗ್ರಾಂ. ಕೇಕನ್ನು ಎಂಟು ತುಂಡು ಮಾಡಿದ್ದೀರಿ ಎಂದುಕೊಂಡರೆ ತುಂಡಿಗೆ ಸುಮಾರು 3 ಗ್ರಾಂ ಉಪ್ಪು. ವಯಸ್ಕರು ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಾಕವಿಧಾನದಲ್ಲಿದ್ದಂತೆ ಹಾಕಿದ್ದರೂ ಅದು ಉಪ್ಪಿನ ಕೈ ಧಾರಾಳವಾಗಿದ್ದ ಅಡುಗೆಯೇ ಎಂಬುದು ನನ್ನ ಅಭಿಪ್ರಾಯ. ನಾನಾಗಿದ್ದರೆ ಬೇರೆ ಉಪ್ಪನ್ನೇ ಹಾಕುತ್ತಿರಲಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ಉಪ್ಪಾಯಿತು ಎಂಬ ದೂರು ಎಲ್ಲೂ ಇಲ್ಲ. ಇದು ನನಗೆ ಆಶ್ಚರ್ಯ ತರಲಿಲ್ಲ. ಮೂಗು ಮೊದಲು ಗಲಾಟೆ ಎಬ್ಬಿಸಿದಾಗ ನಾಲಿಗೆಯ ದೂರು ಕೇಳಿಸುವುದಿಲ್ಲ. ನಾವು ರುಚಿ ಎನ್ನುವುದರಲ್ಲಿ ನಾಲಿಗೆಯ ಪಾಲು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ (ಅಣಬೆ, ಮಾಂಸದ ಸಾರಿನಂಥವುಗಳಲ್ಲಿರುವ ರುಚಿ) ಎಂಬ ಕೆಲವೇ ಸಂಗತಿಗಳಿಗೆ ಸೀಮಿತ. ಉಳಿದ ಹೆಚ್ಚಿನ ವಿವರವನ್ನೆಲ್ಲ ಅಗಿಯುವಾಗ ಗಂಟಲಿನ ಹಿಂದಿನಿಂದ ಮೇಲೇರುವ ವಾಸನೆ ಕೊಡುತ್ತದೆ. ಮೂಗು ಮುಚ್ಚಿಕೊಂಡು ಒಂದು ತುತ್ತು ತಿಂದಿದ್ದರೆ ಉಪ್ಪಿನ ದೂರು ನಿಮಗೆ ಕೂಡಲೇ ಸಿಗುತ್ತಿತ್ತು. ಹೊಸ ಅಡುಗೆ ಹಿಡಿಸದಿದ್ದಾಗ ಮನೆಯಲ್ಲೇ ಮಾಡಬಹುದಾದ ಅತ್ಯಂತ ಸುಲಭದ ಪರೀಕ್ಷೆ ಇದು. ಮೂಗು ಮುಚ್ಚಿದಾಗಲೂ ಕೆಟ್ಟದೆನಿಸಿದರೆ ದೋಷ ಉಪ್ಪು, ಹುಳಿ, ಕಹಿಯದು ಅಥವಾ ಬಾಯಲ್ಲಿನ ಸ್ಪರ್ಶದ್ದು. ಬೆರಳು ತೆಗೆದ ಕ್ಷಣ ಕೆಟ್ಟದಾದರೆ ಅದು ವಾಸನೆಯದು.

ನಿಮಗೆ ವಾಂತಿಯ ವಾಸನೆ ಬಂದದ್ದು ಭ್ರಮೆಯಲ್ಲ. ಚೀಸ್ ಹಣ್ಣಾಗುವಾಗ ಅದರ ಕೊಬ್ಬು ಒಡೆದು ಹುಟ್ಟುವ ಬ್ಯುಟಿರಿಕ್ ಆಮ್ಲವೇ ವಾಂತಿಯ ವಾಸನೆಯಲ್ಲೂ ಇರುವ ಮುಖ್ಯ ಅಂಶಗಳಲ್ಲೊಂದು. ನೀಲಿ ಚೀಸ್‌ನಲ್ಲಿ ಇದರ ಜೊತೆಗೆ ಪೆನಿಸಿಲಿಯಮ್ ರೋಕ್‌ಫೋರ್ಟಿ ಎಂಬ ಬೂಷ್ಟು ಕೊಬ್ಬಿನಿಂದ ತಯಾರಿಸುವ ಕೀಟೋನ್‌ಗಳೆಂಬ ರಾಸಾಯನಿಕಗಳ ಘಾಟೂ ಸೇರುತ್ತದೆ. ಎಂದರೆ ನಿಮ್ಮ ಮೂಗು ರಾಸಾಯನಿಕವನ್ನು ಸರಿಯಾಗಿಯೇ ಗುರುತಿಸಿತು, ಅದಕ್ಕೆ ಮನಸ್ಸು ಕೊಟ್ಟ ಹೆಸರು ಮಾತ್ರ ಬೇರೆಯಾಯಿತು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ಯುಟಿರಿಕ್ ಮತ್ತು ಐಸೊವಲೆರಿಕ್ ಆಮ್ಲಗಳ ಒಂದೇ ಮಿಶ್ರಣವನ್ನು ಜನರಿಗೆ ಒಮ್ಮೆ ಪಾರ್ಮೆಸಾನ್ ಚೀಸ್ ಎಂದೂ ಇನ್ನೊಮ್ಮೆ ವಾಂತಿ ಎಂದೂ ಹೇಳಿ ಮೂಸಲು ಕೊಟ್ಟರು. ಚೀಸ್ ಎಂದಾಗ ಒಪ್ಪಿಕೊಂಡ ವಾಸನೆಯನ್ನೇ ವಾಂತಿ ಎಂದಾಗ ಜನ ಹೇಸಿದರು. ಒಮ್ಮೆ ಆ ಹೆಸರು ತಲೆಗೆ ಹೊಕ್ಕ ಮೇಲೆ, ಅದೂ ಊಟದ ಮೇಜಿನಲ್ಲಿ ಒಬ್ಬರು ಬಾಯಿಬಿಟ್ಟು ಹೇಳಿದ ಮೇಲೆ, ಉಳಿದವರು ತಪ್ಪಿಸಿಕೊಳ್ಳುವುದು ಕಷ್ಟ. ನಮ್ಮ ಪರೀಕ್ಷಾ ಕೊಠಡಿಯಲ್ಲಿ ತಿನ್ನುವವರನ್ನು ಪ್ರತ್ಯೇಕ ಗೂಡುಗಳಲ್ಲಿ ಕೂರಿಸಿ, ತಿನಿಸಿಗೆ ಹೆಸರಿನ ಬದಲು ಮೂರಂಕಿಯ ಸಂಖ್ಯೆ ಬರೆದು ಕೊಡುವುದು ಇದೇ ಕಾರಣಕ್ಕೆ.

ಇಲ್ಲಿ ನಿಮ್ಮ ಪತಿಯವರ ಸಾಕ್ಷ್ಯ ಬಹಳ ಬೆಲೆಯುಳ್ಳದ್ದು. ಅವರಿಗೆ ಅದು ಚೀಸ್‌ಕೇಕ್ ಎಂದು ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು, ಮಕ್ಕಳಿಗೂ ಗೊತ್ತಿತ್ತು, ಜೊತೆಗೆ ಅದು ನೋಡಲೂ ಸಿಹಿ ಕೇಕಿನಂತೆಯೇ ಇತ್ತು. ಕಣ್ಣು ಸಿಹಿಯೆಂದು ಮಾತುಕೊಟ್ಟ ತುತ್ತು ಬಾಯಲ್ಲಿ ಉಪ್ಪಾಗಿ ಒಡೆದರೆ ಆ ವ್ಯತ್ಯಾಸವೇ ಒಂದು ಕೆಟ್ಟ ರುಚಿಯಾಗುತ್ತದೆ. ಇದನ್ನು 2008ರಲ್ಲಿ ಬ್ರಿಟನ್ನಿನ ಸಂಶೋಧಕರು ಹೊಗೆ ಹಾಕಿದ ಸಾಲ್ಮನ್ ಮೀನಿನ ಐಸ್‌ಕ್ರೀಮಿನಿಂದ ತೋರಿಸಿಕೊಟ್ಟರು. ಐಸ್‌ಕ್ರೀಮ್ ಎಂದು ಹೇಳಿ ಕೊಟ್ಟಾಗ ತಿಂದವರು ಅದನ್ನು ತೀರಾ ಕೆಟ್ಟದೆಂದರು, ಉಪ್ಪು ವಿಪರೀತ ಎಂದರು; ಅದನ್ನೇ ಉಪ್ಪಿನ ರುಚಿಯ ಹೆಪ್ಪುಗಟ್ಟಿಸಿದ ಮೂಸ್ (ನೊರೆಯಂತೆ ಹಗುರವಾದ ತಿನಿಸು) ಎಂದು ಹೇಳಿ ಕೊಟ್ಟಾಗ ತಕರಾರಿಲ್ಲದೆ ತಿಂದರು. ಉಪ್ಪು ಎರಡೂ ಬಟ್ಟಲಲ್ಲಿ ಒಂದೇ. ಹಾಗಾಗಿ ಈ ಅಡುಗೆಯಲ್ಲಿ ನನಗೆ ಕಾಣುವ ದೊಡ್ಡ ದೋಷ ಉಪ್ಪಿಗಿಂತಲೂ ಅದರ ಹೆಸರು ಮತ್ತು ಆಕಾರ. ಇದು ನಿಮ್ಮ ಕೈಯ ತಪ್ಪಲ್ಲ, ಪಾಕವಿಧಾನ ಬರೆದವರದು.

ಪತಿಯವರು ತಿಂದದ್ದು ಆರಿದ ಕೇಕು ಎಂಬುದೂ ಮುಖ್ಯ. ಬಿಸಿ ಅಡುಗೆಯಿಂದ ವಾಸನೆಯ ಕಣಗಳು ಹೆಚ್ಚು ಹಾರುತ್ತವೆ, ಹಾಗಾಗಿ ನೀಲಿ ಚೀಸ್‌ನ ಘಾಟು ಓವನ್‌ನಿಂದ ತೆಗೆದ ಕ್ಷಣದಲ್ಲೇ ತೀವ್ರ. ಚೀಸ್‌ಕೇಕಿನ ಒಡಲು ಗಟ್ಟಿಯಾಗಿ ಕೂರುವುದೂ ಆರಿದ ಮೇಲೆಯೇ; ಬಿಸಿಯಲ್ಲಿ ಅದು ಮೊಟ್ಟೆಯ ಲೊಳೆ ಮುದ್ದೆಯಂತಿರುತ್ತದೆ, ಮತ್ತು ಹೊಸ ಅಡುಗೆಯನ್ನು ಜನ ತಳ್ಳಿಬಿಡಲು ರುಚಿಯಷ್ಟೇ ಈ ಲೊಳೆತನವೂ ಕಾರಣವಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಜೊತೆಗೆ ಅವರು ಬ್ರೆಡ್ಡಿನೊಡನೆ ತಿಂದರು, ಆದ್ದರಿಂದ ಪ್ರತಿ ತುತ್ತಿಗೂ ಉಪ್ಪು ಹಂಚಿಹೋಯಿತು. ಇನ್ನೊಂದು ವ್ಯತ್ಯಾಸ: ನೀವು ಗಂಟೆಗಟ್ಟಲೆ ಆ ಅಡುಗೆಮನೆಯಲ್ಲಿದ್ದಿರಿ, ಅವರು ಇರಲಿಲ್ಲ. ಒಂದು ವಾಸನೆಯೊಳಗೆ ಬಹಳ ಹೊತ್ತು ನಿಂತ ಮೂಗು ಅದಕ್ಕೆ ಮಂಕಾಗುತ್ತದೆ, ಆದರೆ ಹಸಿವೂ ಅದರೊಂದಿಗೆ ಮಂಕಾಗುತ್ತದೆ. ಅಡುಗೆ ಮಾಡಿದವರಿಗೇ ಊಟ ಸೇರುವುದಿಲ್ಲ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆದ್ದರಿಂದ ಹೊಸ ಅಡುಗೆಯ ಬಗ್ಗೆ ಮಾಡಿದವರ ಮೊದಲ ತೀರ್ಪನ್ನು ನಾನು ಎಂದೂ ಪೂರ್ತಿ ನಂಬುವುದಿಲ್ಲ.

ಮಗನ ಸೋಪಿನ ಮಾತು ಬೇರೆಯೇ ಕತೆ, ಮತ್ತು ಅದಕ್ಕಾಗಿ ಅವನನ್ನು ಗದರಿದ್ದರೆ ಒಂದು ಸಮಾಧಾನದ ಮಾತು ಹೇಳಬೇಕಾಗುತ್ತದೆ. ಕೊತ್ತಂಬರಿ ಸೊಪ್ಪಿನ ಪರಿಮಳದಲ್ಲಿ ಆಲ್ಡಿಹೈಡ್‌ಗಳೆಂಬ ಪದಾರ್ಥಗಳಿವೆ; ಇದೇ ಬಗೆಯವು ಸೋಪಿನಲ್ಲೂ ಇರುತ್ತವೆ. 2012ರಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು, ಸೊಪ್ಪು ಸೋಪಿನಂತೆ ಅನಿಸುವುದಕ್ಕೂ ವಾಸನೆ ಗ್ರಹಿಸುವ ಓಆರ್6ಎ2 ಎಂಬ ಜೀನಿನ ಆಸುಪಾಸಿನ ಒಂದು ಸಣ್ಣ ವ್ಯತ್ಯಾಸಕ್ಕೂ ನಂಟಿರುವುದನ್ನು ತೋರಿಸಿತು. ಎಲ್ಲವೂ ಹುಟ್ಟಿನಿಂದಲೇ ನಿಗದಿಯಾಗಿದೆ ಎಂದು ಇದರ ಅರ್ಥವಲ್ಲ, ಆ ಜೀನಿನ ಪಾತ್ರ ಅಲ್ಪವೇ. ಅಭ್ಯಾಸದ ಪಾಲು ದೊಡ್ಡದು. ಸೊಪ್ಪನ್ನು ಹೆಚ್ಚಿ ಹಾಗೆಯೇ ಉದುರಿಸುವ ಬದಲು ನುಣ್ಣಗೆ ಜಜ್ಜಿ ಸ್ವಲ್ಪ ಹೊತ್ತು ಬಿಟ್ಟರೆ ಎಲೆಯಲ್ಲಿರುವ ಕಿಣ್ವಗಳೇ ಆಲ್ಡಿಹೈಡ್‌ಗಳನ್ನು ಮಾರ್ಪಡಿಸುವುದರಿಂದ ಸೋಪಿನ ವಾಸನೆ ಇಳಿಯುತ್ತದೆ. ಅದಕ್ಕಿಂತ ಸುಲಭದ ಉಪಾಯ, ಅವನ ತುಂಡಿಗೆ ಸೊಪ್ಪು ಹಾಕದಿರುವುದು.

ತಳದ ಅಕ್ರೋಡಿನ ಬಗ್ಗೆ ನೀವು ಏನೂ ಬರೆದಿಲ್ಲ, ಆದರೂ ಒಮ್ಮೆ ಡಬ್ಬಿ ತೆರೆದು ನೋಡಿ. ಅಕ್ರೋಡಿನ ಸಿಪ್ಪೆಗೆ ಸಹಜವಾದ ಒಗರು ಇರುತ್ತದೆ, ಹುರಿದರೆ ಅದು ಕಡಿಮೆಯಾಗುತ್ತದೆ. ಆದರೆ ಹಳೆಯ ಬಣ್ಣದ ಡಬ್ಬಿ ತೆರೆದಂತೆ ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ ಎಂದರ್ಥ, ಅದಕ್ಕೆ ಯಾವ ಮಸಾಲೆಯೂ ಮದ್ದಲ್ಲ.

ಹಿಡಿಸದ ರುಚಿಯನ್ನು ಯಾವಾಗ ಅನುಮಾನಿಸಬೇಕು, ಯಾವಾಗ ಪಾಲಿಸಬೇಕು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಚೀಸ್‌ನ ನಾತ ಅಪಾಯದ ಸೂಚನೆಯಲ್ಲ. ಆ ಬೂಷ್ಟನ್ನು ಬೇಕೆಂದೇ ಬೆಳೆಸಿರುತ್ತಾರೆ. ಆದರೆ ಸೌತೆ, ಸೋರೆ, ಕುಂಬಳದ ಜಾತಿಯ ತರಕಾರಿಗಳಲ್ಲಿ ಸಾಮಾನ್ಯವಾಗಿ ಕಹಿಯಿಲ್ಲದ ಬಗೆಯೊಂದು ವಿಪರೀತ ಕಹಿಯಾಗಿದ್ದರೆ ಅದು ಕುಕುರ್ಬಿಟಾಸಿನ್ ಎಂಬ ವಿಷದ ಗುರುತು. ಬೇಯಿಸಿದರೂ ಅದು ಹೋಗುವುದಿಲ್ಲ. ಅಂಥ ತುತ್ತನ್ನು ಉಗಿಯುವುದೇ ಸರಿ, ಯಾರ ದಾಕ್ಷಿಣ್ಯಕ್ಕೂ ನುಂಗಬಾರದು. ಹಸಿರು ತಿರುಗಿದ ಕಹಿ ಆಲೂಗಡ್ಡೆಗೂ ಇದೇ ಮಾತು. ಇನ್ನು ನೀಲಿ ಚೀಸ್‌ನ ಬಗ್ಗೆಯೇ ಒಂದು ಎಚ್ಚರಿಕೆ ಇದೆ. ಮನೆಯಲ್ಲಿ ಗರ್ಭಿಣಿಯರಿದ್ದರೆ, ಅಥವಾ ಯಾರಿಗಾದರೂ ರೋಗನಿರೋಧಕ ಶಕ್ತಿ ಕುಂದಿದ್ದರೆ, ಮೆದುವಾದ ನೀಲಿ ಚೀಸನ್ನು ಬೇಯಿಸದೆ ಕೊಡಬಾರದು. ಅದರಲ್ಲಿ ಲಿಸ್ಟೀರಿಯಾ ಇರುವ ಸಾಧ್ಯತೆಯಿದೆ, ಆ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ನಡುವಿನ ಭಾಗವೂ ಹಬೆಯಾಡುವಷ್ಟು ಬಿಸಿಯಾಗಿ ಬೆಂದರೆ ಆ ಭಯವಿಲ್ಲ.

ಮಗಳ ವಿಷಯ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಅವಳ ವಾಂತಿಗೆ ಕೇಕೇ ಕಾರಣವೋ ಎಂದು ಪತ್ರ ನೋಡಿ ತೀರ್ಮಾನಿಸಲಾಗದು, ಆದರೆ ಜ್ವರವೂ ಇತ್ತು, ಅದೇ ಕೇಕು ತಿಂದ ಉಳಿದ ಯಾರಿಗೂ ತೊಂದರೆಯಾದುದನ್ನು ನೀವು ಬರೆದಿಲ್ಲ ಎಂಬುದರಿಂದ ಸೋಂಕು ಮೊದಲೇ ಮೈಯಲ್ಲಿದ್ದಿರಬಹುದೆಂದು ನನ್ನ ಊಹೆ. ವಾಂತಿ ನಿಲ್ಲದಿದ್ದರೆ, ಕುಡಿದ ನೀರೂ ಹೊಟ್ಟೆಯಲ್ಲಿ ಉಳಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಕಾರಣ ಯಾವುದೇ ಇರಲಿ, ಅವಳ ಮೈ ಮಾತ್ರ ಚೀಸನ್ನೇ ಅಪರಾಧಿಯೆಂದು ಬರೆದಿಟ್ಟುಕೊಂಡಿದೆ. 1955ರಲ್ಲಿ ಜಾನ್ ಗಾರ್ಸಿಯಾ ಮತ್ತು ಸಂಗಡಿಗರು ಇಲಿಗಳಿಗೆ ಸ್ಯಾಕರಿನ್‌ನ ಸಿಹಿನೀರು ಕುಡಿಯುವ ಹೊತ್ತಿನಲ್ಲಿ ಹೊಟ್ಟೆ ಕೆಡಿಸುವ ವಿಕಿರಣ ತಾಗಿಸಿದರು. ಆ ಬಳಿಕ ಇಲಿಗಳು ಸಿಹಿನೀರನ್ನು ದೂರ ಮಾಡಿದವು. ತಿಂದದ್ದಕ್ಕೂ ಹೊಟ್ಟೆ ಕೆಟ್ಟದ್ದಕ್ಕೂ ನಡುವೆ ಗಂಟೆಗಳ ಅಂತರವಿದ್ದರೂ, ಒಂದೇ ಒಂದು ಸಲ ನಡೆದರೂ, ಈ ನಂಟು ಬೆಸೆದುಬಿಡುತ್ತದೆ ಎಂಬುದು ಮುಂದಿನ ಪ್ರಯೋಗಗಳಲ್ಲಿ ಗೊತ್ತಾಯಿತು. 1978ರಲ್ಲಿ ಐಲೀನ್ ಬರ್ನ್‌ಸ್ಟೈನ್ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾನ್ಸರ್ ಚಿಕಿತ್ಸೆಗೆ ಮೊದಲು ಹೊಸ ರುಚಿಯ ಐಸ್‌ಕ್ರೀಮ್ ತಿಂದಿದ್ದ ಮಕ್ಕಳು ಆಮೇಲೆ ಅದನ್ನು ಬೇಡವೆಂದರು, ವಾಕರಿಕೆ ತಂದದ್ದು ಔಷಧಿಯೇ ಆಗಿದ್ದರೂ. ಪರಿಚಿತ ತಿನಿಸಿಗಿಂತ ಹೊಸ ತಿನಿಸಿನ ಮೇಲೆ ಈ ಅಪವಾದ ಬೇಗ ಅಂಟುತ್ತದೆ. ನಿಮ್ಮ ಮಗಳಿಗೆ ಹೊಸ ಅಡುಗೆ ಮತ್ತು ವಾಂತಿ ಒಂದೇ ರಾತ್ರಿ ಕೂಡಿಬಂದವು, ಮೇಲಿಂದ ಒತ್ತಾಯವೂ ಸೇರಿತು.

ಇದನ್ನು ತರ್ಕದಿಂದ ತಿದ್ದಲಾಗುವುದಿಲ್ಲ. ಚೀಸ್‌ನಿಂದ ಆದದ್ದಲ್ಲ ಎಂದು ಎಷ್ಟು ವಿವರಿಸಿದರೂ ಹೊಟ್ಟೆ ಕೇಳುವುದಿಲ್ಲ. ಕೆಲವು ವಾರ ಚೀಸ್‌ನ ಮಾತೇ ಎತ್ತಬೇಡಿ; ಹಾಲು, ಮೊಸರು, ಬೇಳೆ, ಮೊಟ್ಟೆ ತಿನ್ನುತ್ತಿದ್ದರೆ ಚೀಸ್ ಬಿಟ್ಟದ್ದರಿಂದ ಪೋಷಣೆಗೆ ಕೊರತೆಯೂ ಆಗುವುದಿಲ್ಲ. ಆಮೇಲೆ, ಮೊದಲು ಅವಳಿಗೆ ಪ್ರಿಯವಾಗಿದ್ದ ತಿನಿಸೊಂದರಲ್ಲಿ ವಾಸನೆಯೇ ಇಲ್ಲದ ಸೌಮ್ಯ ಚೀಸ್ ಚೂರು ಇದ್ದು, ಅದನ್ನು ಮನೆಯ ಉಳಿದವರು ಸುಮ್ಮನೆ ತಿನ್ನುತ್ತಿರುವುದನ್ನು ಅವಳು ನೋಡಲಿ. ಬಚ್ಚಿಟ್ಟು ಬೆರೆಸಬೇಡಿ. ಅದು ಗೊತ್ತಾದ ದಿನ ಚೀಸ್‌ನ ಜೊತೆಗೆ ಅಡುಗೆ ಮಾಡಿದವರ ಮೇಲಿನ ನಂಬಿಕೆಯೂ ಹೋಗುತ್ತದೆ.

ಹತ್ತು ಸಲ ತಿಂದರೆ ಒಗ್ಗುತ್ತದೆ ಎಂಬ ಗೆಳತಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಮತ್ತೆ ಮತ್ತೆ ಎದುರಾದದ್ದು ಹೆಚ್ಚು ಹಿತವಾಗತೊಡಗುತ್ತದೆ ಎಂಬುದನ್ನು ಮನೋವಿಜ್ಞಾನಿ ರಾಬರ್ಟ್ ಝಯಾಂಟ್ಸ್ 1968ರಲ್ಲಿ ವಿವರವಾಗಿ ತೋರಿಸಿದರು, ಮಕ್ಕಳು ಹೊಸ ತರಕಾರಿಯನ್ನು ಒಪ್ಪಲು ಎಂಟು ಹತ್ತು ಸಲವಾದರೂ ರುಚಿ ನೋಡಬೇಕಾಗುತ್ತದೆ ಎಂಬುದೂ ಸರಿಯೇ. ಆದರೆ ಇದು ನಡೆಯುವುದು ಆರಂಭದ ಭಾವ ತಟಸ್ಥವಾಗಿದ್ದಾಗ, ಅಥವಾ ಅಷ್ಟೇನೂ ಸೇರಲಿಲ್ಲ ಎನ್ನುವ ಮಟ್ಟದಲ್ಲಿದ್ದಾಗ. ಹೇಸಿಗೆ ಹುಟ್ಟಿದ ಮೇಲೆ ಪ್ರತಿ ತುತ್ತೂ ಆ ಹೇಸಿಗೆಯ ಅಭ್ಯಾಸವೇ ಆಗುವ ಅಪಾಯವಿದೆ. ಒತ್ತಾಯವಂತೂ ಕೂಡದು: 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೂಪ್ ಮುಗಿಸು ಎಂದು ಹೇಳಿಸಿಕೊಂಡ ಮಕ್ಕಳು ಹೇಳಿಸಿಕೊಳ್ಳದವರಿಗಿಂತ ಕಡಿಮೆ ಕುಡಿದರು, ಅದರ ಬಗ್ಗೆ ಹೆಚ್ಚು ದೂರಿದರು. ನೀವು ವಯಸ್ಕರು, ಪ್ರಯೋಗ ನಿಮ್ಮದೇ ಇಚ್ಛೆ. ಆದರೆ ನಾಲ್ಕೈದು ಸಲ ಕಡಲೆಕಾಳಿನಷ್ಟು ರುಚಿ ನೋಡಿಯೂ ಮನಸ್ಸು ಒಪ್ಪದಿದ್ದರೆ ಅಲ್ಲಿಗೆ ಬಿಡುವುದರಲ್ಲಿ ಯಾವ ಸೋಲೂ ಇಲ್ಲ. ನೀಲಿ ಚೀಸ್ ತಿನ್ನದಿರುವುದು ಸಂಸ್ಕಾರದ ಕೊರತೆ ಎಂಬಂತೆ ಮಾತನಾಡುವವರಿಗೆ ನನ್ನ ವೃತ್ತಿಯಲ್ಲೂ ಬರವಿಲ್ಲ, ಅವರ ಮಾತಿಗೆ ಆಧಾರವಿಲ್ಲ.

ಉಪ್ಪಾದ ಅಡುಗೆಯನ್ನು ಉಳಿಸುವ ಬಗ್ಗೆ ಕೇಳಿದ್ದೀರಿ. ಈ ಸಲದ್ದು ಮುಗಿದ ಮಾತು, ಆದರೆ ಮುಂದಕ್ಕೆ ಬೇಕಾಗಬಹುದು. ಆಲೂಗಡ್ಡೆ ಹಾಕಿದರೆ ಅದು ಉಪ್ಪನ್ನು ಹೀರಿಕೊಳ್ಳುತ್ತದೆ ಎಂಬುದು ಹಳೆಯ ನಂಬಿಕೆ. ಅದು ಹೀರುವುದು ಉಪ್ಪುನೀರನ್ನು. ಉಳಿದ ರಸದ ಉಪ್ಪಿನ ಪ್ರಮಾಣ ಹಾಗೆಯೇ ಇರುತ್ತದೆ. ಸಕ್ಕರೆ, ನಿಂಬೆರಸ ಹಾಕಿದರೆ ಉಪ್ಪು ಸ್ವಲ್ಪ ಮರೆಯಾದಂತೆ ಅನಿಸಬಹುದು, ದೇಹಕ್ಕೆ ಸೇರುವುದು ಅಷ್ಟೇ. ನಿಜವಾದ ದಾರಿ ಉಪ್ಪಿಲ್ಲದ ಪದಾರ್ಥದಿಂದ ಪ್ರಮಾಣ ಹಿಗ್ಗಿಸುವುದೊಂದೇ. ಸಮಯಕ್ಕೆ ಸರಿಯಾಗಿ ಫ್ರಿಜ್ ಸೇರಿದ ಇಂಥ ಕೇಕನ್ನು ಪುಡಿಮಾಡಿ, ಉಪ್ಪು ಹಾಕದೆ ಬೇಯಿಸಿದ ಪಾಸ್ತಾ ಅಥವಾ ಆಲೂಗಡ್ಡೆಗೆ ಹಾಲಿನೊಂದಿಗೆ ಕಲಸಿ, ಎಲ್ಲೆಡೆ ಚೆನ್ನಾಗಿ ಬಿಸಿಯಾಗುವಂತೆ, ಎಂದರೆ ನಡುವೆಯೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಕಾಯಿಸಿ ಮೂರು ನಾಲ್ಕು ದಿನದೊಳಗೆ ಮುಗಿಸಬಹುದಿತ್ತು. ಆದರೆ ಹಿಗ್ಗಿಸಿದಷ್ಟೂ ಹೆಚ್ಚು ಸಾಮಾನು ಅದರೊಳಗೆ ಹೋಗುತ್ತದೆ. ಮೂಲದ ವಾಸನೆಯೇ ಸೇರದವರು ಹೀಗೆ ಮಾಡಿದರೆ ಸೇರದ ಅಡುಗೆ ಎರಡು ಪಾತ್ರೆಯಾಗುತ್ತದೆ ಅಷ್ಟೆ.

ಮತ್ತೊಮ್ಮೆ ಪ್ರಯತ್ನಿಸುವ ಮನಸ್ಸಿದ್ದರೆ ಇಡೀ ಕೇಕಿಗೆ ಕೈ ಹಾಕಬೇಡಿ. 100 ಗ್ರಾಂ ಕ್ರೀಮ್ ಚೀಸ್, 15 ಗ್ರಾಂ ನೀಲಿ ಚೀಸ್, ಒಂದು ಸಣ್ಣ ಮೊಟ್ಟೆ ಸಾಕು, ಉಪ್ಪು ಬೇಡ. ತಳಕ್ಕೆ ಸಿಹಿ ಬಿಸ್ಕತ್ತಿನ ಬದಲು ಉಪ್ಪಿಲ್ಲದ ಬ್ರೆಡ್ ಪುಡಿ ಇರಲಿ, ಇಲ್ಲವಾದರೆ ಸಿಹಿಯ ನಿರೀಕ್ಷೆ ಅಲ್ಲೇ ಮತ್ತೆ ತಲೆಯೆತ್ತುತ್ತದೆ. ಹಸಿ ಮೊಟ್ಟೆಯಿರುವ ಮಿಶ್ರಣವನ್ನು ನೆಕ್ಕಿ ನೋಡುವ ಬದಲು ಒಂದು ಚಮಚವನ್ನು ಬಾಣಲೆಯಲ್ಲಿ ಬೇಯಿಸಿ ರುಚಿ ನೋಡಿ. ಸಣ್ಣ ಬಟ್ಟಲಲ್ಲಿ ಬೇಯಿಸಿ, ಎರಡು ಗಂಟೆ ಮೀರದಂತೆ ಆರಿಸಿ ತಣ್ಣಗಾಗಿಸಿ, ಕೇಕಿನಂತೆ ತ್ರಿಕೋನವಾಗಿ ಕತ್ತರಿಸದೆ ಬ್ರೆಡ್ಡಿನ ಮೇಲೆ ತೆಳುವಾಗಿ ಸವರಿ ತಿನ್ನಿ. ಹೆಸರನ್ನೂ ಚೀಸ್‌ಕೇಕ್ ಎನ್ನಬೇಡಿ. ಹಾಗೆ ತಿಂದಾಗಲೂ ಮೊದಲ ರಾತ್ರಿಯ ವಾಸನೆಯೇ ನೆನಪಾದರೆ ಬಟ್ಟಲನ್ನು ನಿಮ್ಮ ಪತಿಯ ಕಡೆಗೆ ಸರಿಸಿಬಿಡಿ.